ಅನಿಮೇಷನ್ ಓದಿದವರು ಏನು ಕಲಿಯುತ್ತಾರೆ?

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ‘ಪಿಯುಸಿ ನಂತರ ಮುಂದೇನು?’ ಎಂಬ ಮಾರ್ಗದರ್ಶನ ಕಾರ್ಯಕ್ರಮ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಬಂದಿದ್ದ ಅತಿಥಿಗಳು ಸಿ.ಎ., ಸಿ.ಎಸ್., ಬಿ.ಕಾಂ., ಬಿ.ಬಿ.ಎ., ಬ್ಯಾಂಕ್ ಪರೀಕ್ಷೆ ಎಲ್ಲದರ ಬಗ್ಗೆಯೂ ಚೆನ್ನಾಗಿ ಹೇಳಿದರು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದಾಗ ಹಿಂದಿನ ಬೆಂಚಿನಿಂದ ನಮ್ಮ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಕಾಮರ್ಸ್ ಓದಿದವರು ಅನಿಮೇಷನ್‌ಗೆ ಹೋಗಬಹುದಾ?” ಎಂದು ಕೇಳಿದಳು. ಹಾಲ್ ತುಂಬ ನಗು. ಯಾರೋ “ಛೋಟಾ ಭೀಮ್!” ಎಂದು ಕೂಗಿದರು. ಅತಿಥಿಗಳೂ ನಗುತ್ತಲೇ, “ಅದನ್ನು ಹವ್ಯಾಸಕ್ಕೆ ಇಟ್ಟುಕೊಳ್ಳಮ್ಮ, ಮೊದಲು ಒಂದು ಡಿಗ್ರಿ ಮಾಡು” ಎಂದರು. ಅವಳು ಕೂತುಬಿಟ್ಟಳು.

ನಕ್ಕವರಲ್ಲಿ ನಾನೂ ಒಬ್ಬಳು. ಬೇರೆಯವರು ನಕ್ಕಿದ್ದು ಗೊತ್ತಿಲ್ಲದೆ. ನಾನು ಗೊತ್ತಿದ್ದೂ ನಕ್ಕೆ, ಅದೇ ತಪ್ಪು. ಯಾಕೆಂದರೆ ಹರಿಹರದಲ್ಲಿರುವ ನನ್ನ ಖಾಲಾ ಮಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೂರು ವರ್ಷ ಅನಿಮೇಷನ್ ಓದಿದವನು. ಅವನು ಏನು ಓದಿದ, ಹೇಗೆ ಓದಿದ ಎಂಬುದನ್ನು ಪ್ರತಿ ರಜೆಯಲ್ಲೂ ಕಣ್ಣಾರೆ ನೋಡಿದ್ದೇನೆ. ಅವತ್ತು ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಆ ಕಡೆ ಹೋಗುವವಳಲ್ಲ. ಸ್ಕೇಲ್ ಇಲ್ಲದೆ ಲೆಡ್ಜರ್‌ನ ಒಂದು ಗೆರೆ ಕೂಡ ನನಗೆ ನೆಟ್ಟಗೆ ಬರುವುದಿಲ್ಲ. ಬಿ.ಕಾಂ. ಮಾಡಿ, ಇನ್‌ಶಾ ಅಲ್ಲಾಹ್ ಸಿ.ಎ. ಬರೆಯಬೇಕು ಎಂದಿದ್ದೇನೆ. ಹಾಗಾಗಿ ಇದು ನನ್ನ ಪರವಾಗಿ ನಾನೇ ಮಾಡುವ ವಾದವಲ್ಲ.

ಅವಳ ಪ್ರಶ್ನೆಗೆ ಉತ್ತರ: ಹೋಗಬಹುದು. ದೃಶ್ಯಕಲಾ ಪದವಿಗೆ ಪಿಯುಸಿಯಲ್ಲಿ ಸೈನ್ಸ್ ಇತ್ತಾ, ಕಾಮರ್ಸ್ ಇತ್ತಾ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಕೈಗೆ ಪೆನ್ಸಿಲ್ ಕೊಟ್ಟು ನೋಡುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಗೂ ಕಾಮರ್ಸ್‌ನವರು ಕೂರಬಹುದು. ಅಷ್ಟು ದೂರ ಯಾಕೆ, ನಮ್ಮ ದಾವಣಗೆರೆಯಲ್ಲೇ ವಿಶ್ವವಿದ್ಯಾನಿಲಯಕ್ಕೆ ಸೇರಿದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ನಾವು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ ಇದೆ. ನಮ್ಮ ತರಗತಿಯಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ ಎಂದು ವಿಚಾರಿಸಿದೆ. ಒಬ್ಬಳು ಕೈ ಎತ್ತಿದಳು, ಅವಳೇ.

ಇನ್ನು ಹರಿಹರಕ್ಕೆ ಬರುತ್ತೇನೆ.

ಭಾಯಿಜಾನ್ ಮೊದಲ ಸೆಮಿಸ್ಟರ್ ಮುಗಿಸಿ ಬಂದಾಗ ಮನೆಯವರೆಲ್ಲ ಲ್ಯಾಪ್‌ಟಾಪ್ ತೋರಿಸು ಎಂದು ಸುತ್ತ ಕೂತರು. ಅವನು ಚೀಲದಿಂದ ತೆಗೆದದ್ದು ನಾಲ್ಕು ಸ್ಕೆಚ್ ಪುಸ್ತಕ. ಇಡೀ ಆರು ತಿಂಗಳು ಕಂಪ್ಯೂಟರ್ ಮುಟ್ಟಿಸಿರಲೇ ಇಲ್ಲ. ಬಸ್ ನಿಲ್ದಾಣದಲ್ಲಿ ಕೂತು ಜನರನ್ನು ಬರಿ, ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡು, ಅಷ್ಟರಲ್ಲಿ ಕಣ್ಣು ಮೂಗು ಬರೆಯಲು ಹೋಗಬೇಡ, ಅವರು ಹೇಗೆ ನಿಂತಿದ್ದಾರೆ, ಭಾರ ಯಾವ ಕಾಲಿನ ಮೇಲಿದೆ ಅಷ್ಟನ್ನೇ ಹಿಡಿ. ಇದೇ ಪಾಠವಂತೆ. ಖಾಲಾ ಮುಖ ಸಪ್ಪೆ ಮಾಡಿಕೊಂಡರು. ಇಷ್ಟು ಫೀಸು ಕಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿದರಾ ಎಂದು.

ಆಗ ನಾನಾ ಒಂದು ಮಾತು ಹೇಳಿದರು. ಹರಿಹರದಲ್ಲಿ ಲೇಥ್ ಯಂತ್ರ ತಯಾರಾಗುತ್ತಿದ್ದ ಕಾಲದಲ್ಲಿ ಅವರು ಅಪ್ರೆಂಟಿಸ್ ಆಗಿ ಸೇರಿದವರು. “ನಮಗೂ ಮಷೀನ್ ಮುಟ್ಟಲಿಕ್ಕೆ ಬಿಡಲಿಲ್ಲ. ಒಂದು ಕಬ್ಬಿಣದ ತುಂಡು ಕೊಟ್ಟು ತಿಂಗಳುಗಟ್ಟಲೆ ಬರೀ ಫೈಲಿಂಗ್ ಮಾಡಿಸಿದರು. ಕೈಗೆ ಸಮ ಯಾವುದು ಅಂತ ಗೊತ್ತಾಗಲಿ ಅಂತ.” ಖಾಲಾ ಸುಮ್ಮನಾದರು, ಆದರೆ ಒಪ್ಪಿದರು ಎಂದು ನನಗೆ ಅನ್ನಿಸಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಚೆಂಡು. ಬರೀ ಒಂದು ಚೆಂಡು ಪುಟಿಯುವುದನ್ನು ಬರೆಯಬೇಕು. ಕೇಳಿದರೆ ಸುಲಭ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಕೈಯಲ್ಲಿ ಬರೆಯುವವರು ಒಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದು 12 ಚಿತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಚೆಂಡು ಮೇಲೆ ಹೋದಾಗ ನಿಧಾನವಾಗುತ್ತದೆ, ಆದ್ದರಿಂದ ಅಲ್ಲಿ ಚಿತ್ರಗಳು ಒತ್ತೊತ್ತಾಗಿ ಬರಬೇಕು. ನೆಲದ ಹತ್ತಿರ ಜೋರಾಗಿ ಬೀಳುತ್ತದೆ, ಅಲ್ಲಿ ದೂರ ದೂರ. ಅದೇ ದುಂಡು, ಅದೇ ಅಳತೆ. ಆದರೆ ಈ ದೂರವನ್ನು ಬದಲಿಸಿದರೆ ಸಾಕು, ಕ್ರಿಕೆಟ್ ಚೆಂಡು ಬಲೂನ್ ಆಗಿಬಿಡುತ್ತದೆ. ಭಾಯಿಜಾನ್ ಎರಡನ್ನೂ ಪಕ್ಕಪಕ್ಕ ತೋರಿಸಿದಾಗ ನಿಜಕ್ಕೂ ನನಗೆ ಮೈ ಜುಮ್ಮೆಂದಿತು. ಬಣ್ಣ ಇಲ್ಲ, ಸದ್ದು ಇಲ್ಲ, ಬರೀ ಪೆನ್ಸಿಲ್ ಗೆರೆ. ಆದರೂ ಒಂದು ಭಾರ, ಒಂದು ಹಗುರ.

ಆಮೇಲೆ ಚೀಲ. ಇದು ನಮ್ಮ ಮನೆಯ ಕಥೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅರ್ಧ ತುಂಬಿದ ಹಿಟ್ಟಿನ ಚೀಲಕ್ಕೆ ಜೀವ ಬರಿಸುವುದು ಅನಿಮೇಷನ್‌ನವರಿಗೆ ಬಹಳ ಹಳೆಯ ಅಭ್ಯಾಸ. ಅಮೆರಿಕದ ಡಿಸ್ನಿ ಸ್ಟುಡಿಯೋ ಕಾಲದಿಂದ ಬಂದದ್ದು. ಚೀಲಕ್ಕೆ ಮುಖ ಇಲ್ಲ, ಕೈಕಾಲು ಇಲ್ಲ, ಆದರೂ ಅದು ಸಂತೋಷವಾಗಿದೆ, ಬೇಸರದಲ್ಲಿದೆ ಎಂದು ನೋಡಿದವರಿಗೆ ಗೊತ್ತಾಗಬೇಕು. ಭಾಯಿಜಾನ್ ಹಿಟ್ಟಿನ ಚೀಲ ಬಿಟ್ಟು ಮಂಡಕ್ಕಿ ಚೀಲ ಆರಿಸಿಕೊಂಡ. ದಾವಣಗೆರೆ ಕಡೆಯವನಲ್ಲವೇ, ಬೇರೆ ಏನು ಆರಿಸುತ್ತಾನೆ! ಮಾಡಿದ್ದನ್ನು ನಮ್ಮ ಮನೆಗೆ ತಂದು ತೋರಿಸಿದ. ಚೀಲ ಗಾಡಿಯಿಂದ ಧೊಪ್ಪೆಂದು ಬೀಳುತ್ತದೆ, ಏಳುತ್ತದೆ, ಮೈ ಕೊಡವಿಕೊಂಡು ನಡೆಯುತ್ತದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ನನ್ನ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಾರೆ. ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡಿ ನೋಡಿ ಅವರ ಕಣ್ಣು ಯಾವಾಗಲೂ ಕೆಂಪು. ಅವರು ಚಹಾ ಲೋಟ ಕೆಳಗಿಟ್ಟು ಇನ್ನೊಮ್ಮೆ ಹಾಕು ಎಂದರು. ನೋಡಿದರು. ಮತ್ತೆ ಹಾಕಿಸಿದರು. ಆಮೇಲೆ, “ಯೇ ಮುರ್ಮುರೇ ಕೀ ಬೋರಿ ನೈ ರೇ, ಚಾವಲ್ ಕೀ ಬೋರಿ ಹೈ” ಎಂದರು. ಇದು ಮಂಡಕ್ಕಿ ಚೀಲ ಅಲ್ಲ, ಅಕ್ಕಿ ಚೀಲ.

ಯಾಕೆ ಎಂದು ಕೇಳಿದರೆ ಎದ್ದು ನಿಂತು ಮಾಡಿಯೇ ತೋರಿಸಿದರು. ಐವತ್ತು ಕೆ.ಜಿ. ಅಕ್ಕಿ ಎತ್ತುವಾಗ ಹಮಾಲಿ ಮೊದಲು ಉಸಿರು ಹಿಡಿಯುತ್ತಾನೆ, ಮಂಡಿ ಮಡಿಸುತ್ತಾನೆ, ಎದ್ದ ಮೇಲೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾನೆ. ಮಂಡಕ್ಕಿ ಚೀಲ ಆಳೆತ್ತರ ಇದ್ದರೂ ಹುಡುಗರು ಒಂದೇ ಏಟಿಗೆ ಎತ್ತಿಬಿಡುತ್ತಾರೆ. ಅಲ್ಲಿ ತೊಂದರೆ ಭಾರದ್ದಲ್ಲ, ದಪ್ಪದ್ದು. ಮುಂದಿನ ದಾರಿ ಕಾಣುವುದಿಲ್ಲ, ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗಬೇಕು, ಗಾಳಿ ಬಂದರೆ ಚೀಲವೇ ಹುಡುಗನನ್ನು ಎಳೆದುಕೊಂಡು ಹೋಗುತ್ತದೆ. ಅಕ್ಕಿ ಚೀಲ ಬಿದ್ದರೆ ಬಿದ್ದಲ್ಲೇ ಹರಡಿಕೊಂಡು ಕೂರುತ್ತದೆ. ಮಂಡಕ್ಕಿ ಚೀಲ ಬಿದ್ದರೆ ಒಂದು ಸಲ ಮೇಲೆ ಹಾರಿ, ಒಳಗಿನ ಗಾಳಿ ಬಿಟ್ಟು, ಆಮೇಲೆ ಮಲಗುತ್ತದೆ. ಅಬ್ಬಾ ಇಷ್ಟು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ಮರುದಿನ ಬೆಳಿಗ್ಗೆ ಐದಕ್ಕೆ ಭಾಯಿಜಾನ್ ಅಬ್ಬಾ ಜೊತೆ ಭಟ್ಟಿಗೆ ಹೋದ. ಮೂರು ದಿನ ಹೊಗೆಯಲ್ಲಿ ಕೂತು ಚೀಲ ಎತ್ತುವವರನ್ನೇ ಬರೆದ. ತಮಾಷೆ ಎಂದರೆ, ರಜೆ ಮುಗಿಸಿ ಕಾಲೇಜಿಗೆ ಹೋದಾಗ ಹಳೆಯ ಕೆಲಸದ ಮೇಲೆ ಅವನ ಅಧ್ಯಾಪಕರು ಬರೆದಿದ್ದದ್ದೂ ಅದೇ: ತೂಕ ತಪ್ಪಾಗಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಬ್ಬಾ, ಬೆಂಗಳೂರಿನ ಪ್ರಾಧ್ಯಾಪಕರು ಇಬ್ಬರೂ ಒಂದೇ ತಪ್ಪು ಹಿಡಿದಿದ್ದರು. ಭಾಯಿಜಾನ್ ಫೋನ್ ಮಾಡಿ ಹೇಳಿದಾಗ ಅಬ್ಬಾ ಏನೂ ಹೇಳಲಿಲ್ಲ, ಆದರೆ ಆ ವಾರ ಭಟ್ಟಿಯವರಿಗೆಲ್ಲ ಆ ಸುದ್ದಿ ಗೊತ್ತಾಗಿತ್ತು.

ಅನಿಮೇಷನ್ ಎಂದರೆ ಕಂಪ್ಯೂಟರಿನಲ್ಲಿ ಬಟನ್ ಒತ್ತುವುದು ಎಂದು ನಾವು ತಿಳಿದಿದ್ದೇವೆ. ಅಲ್ಲಿ ಮೊದಲು ಕಲಿಸುವುದು ನೋಡುವುದನ್ನು. ಡಿಸ್ನಿಯಲ್ಲಿ ಬಹಳ ಕಾಲ ಕೆಲಸ ಮಾಡಿದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಎಂಬ ಇಬ್ಬರು 1981ರಲ್ಲಿ ಒಂದು ಪುಸ್ತಕ ಬರೆದು ಅನಿಮೇಷನ್‌ನ ಹನ್ನೆರಡು ತತ್ವಗಳನ್ನು ಹೇಳಿದರು. ಇವತ್ತಿಗೂ ಎಲ್ಲ ಕಾಲೇಜಿನಲ್ಲೂ ಅದೇ ಪಾಠ. ಅವುಗಳಲ್ಲಿ ಒಂದು, ಯಾವುದೇ ಕೆಲಸಕ್ಕೆ ಮುಂಚೆ ದೇಹ ಅದಕ್ಕೆ ಸಿದ್ಧವಾಗುವುದನ್ನು ತೋರಿಸಬೇಕು ಎಂಬುದು. ಹಮಾಲಿ ಉಸಿರು ಹಿಡಿಯುವುದು ಅಂದರೆ ಅದೇ.

ಈಗ ನಮ್ಮಂಥ ಮನೆಗಳಲ್ಲಿ ಏಳುವ ಇನ್ನೊಂದು ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಜೀವ ಇರುವುದರ ಚಿತ್ರ ಬರೆಯುವುದು ಸರಿಯಾ ಎಂಬ ಪ್ರಶ್ನೆ ನಮ್ಮ ಹಿರಿಯರಲ್ಲಿ ಇದೆ. ಅದನ್ನು ತೀರ್ಮಾನಿಸುವಷ್ಟು ಓದು ನನಗಿಲ್ಲ, ಅದನ್ನು ತಿಳಿದವರನ್ನೇ ಕೇಳಬೇಕು. ನಮ್ಮ ನಾನಿಗೆ ಫೋಟೋ ತೆಗೆಸಿಕೊಳ್ಳುವುದೂ ಇಷ್ಟವಿಲ್ಲ. ಆಧಾರ್ ಕಾರ್ಡಿಗೆ ಎಂದು ಒಮ್ಮೆ ಕೂತಿದ್ದೇ ಹೆಚ್ಚು. ಭಾಯಿಜಾನ್‌ಗೆ ಒಬ್ಬ ವಯಸ್ಸಾದವರ ನಡಿಗೆ ಮಾಡಿಕೊಂಡು ಬಾ ಎಂದು ಕೆಲಸ ಕೊಟ್ಟಾಗ ಅವನು ನಾನಿಯನ್ನು ಕೇಳಿದ. “ಮೇರಾ ತಸ್ವೀರ್ ನಕ್ಕೋ ಬನಾ ಬೇಟಾ” ಎಂದುಬಿಟ್ಟರು. ಅವನು ವಾದ ಮಾಡಲಿಲ್ಲ. ನಾನಿ ವುಜೂ ಮಾಡಲು ನಲ್ಲಿಯ ಕಡೆ ಹೋಗುವುದನ್ನು ನಾಲ್ಕು ದಿನ ಸುಮ್ಮನೆ ಗಮನಿಸಿದ. ಬಲ ಮಂಡಿ ನೋವು, ಆದ್ದರಿಂದ ಎಡಗಾಲು ಬೇಗ ಬೀಳುತ್ತದೆ. ಗೋಡೆ ಹಿಡಿಯುವುದಿಲ್ಲ, ಗೋಡೆಯ ಹತ್ತಿರ ಕೈ ಇಟ್ಟುಕೊಂಡಿರುತ್ತಾರೆ ಅಷ್ಟೆ. ಆಮೇಲೆ ಅದೇ ನಡಿಗೆಯನ್ನು ತನ್ನ ಚೀಲಕ್ಕೆ ಹಾಕಿದ. ಮುಖ ಇಲ್ಲ, ಕಣ್ಣಿಲ್ಲ, ಒಂದು ಗೋಣಿ ಚೀಲ ಗೋಡೆ ಪಕ್ಕ ನಡೆದು ಹೋಗುತ್ತದೆ. ಯಾರೂ ಏನೂ ಹೇಳದೆ ಇದ್ದರೂ ಮನೆಯಲ್ಲಿ ಎಲ್ಲರೂ ಒಟ್ಟಿಗೆ “ನಾನಿ!” ಎಂದೆವು. ನಾನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹೀಗೆಲ್ಲ ದಾರಿ ಹುಡುಕಿಕೊಳ್ಳಬಹುದು. ಹುಡುಕಿಕೊಳ್ಳಲು ಮನಸ್ಸಿಲ್ಲದವರನ್ನು ಬಲವಂತ ಮಾಡಬೇಕು ಎಂದೇನೂ ನಾನು ಹೇಳುತ್ತಿಲ್ಲ. ಆದರೆ ಪ್ರಶ್ನೆ ಕೇಳಿದವರನ್ನು ನಗುವಿನಿಂದ ಕೂರಿಸಬಾರದು.

ಭಾಷೆಯ ವಿಷಯವೂ ಇದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಕೌಂಟೆನ್ಸಿ ಪುಸ್ತಕದಲ್ಲಿ ಇಂಗ್ಲಿಷ್, ನಮ್ಮಲ್ಲಿ ಬಹಳ ಜನರ ಗತಿ ಇದೇ. ಭಾಯಿಜಾನ್ ಬೆಂಗಳೂರಿಗೆ ಹೋದಾಗ ತರಗತಿಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದ. ಅಲ್ಲಿ ವಾರಕ್ಕೊಮ್ಮೆ ಎಲ್ಲರ ಕೆಲಸವನ್ನೂ ಗೋಡೆಗೆ ಅಂಟಿಸಿ, ಒಬ್ಬೊಬ್ಬರಾಗಿ ಎದ್ದು ಬೇರೆಯವರ ಕೆಲಸದಲ್ಲಿ ಏನು ಸರಿ, ಏನು ತಪ್ಪು ಎಂದು ಹೇಳಬೇಕು. ಮೊದಲ ಬಾರಿ ಇವನ ಕೆಲಸಕ್ಕೆ ಹದಿನೈದು ತಪ್ಪು ಹೇಳಿದರಂತೆ. ರಾತ್ರಿ ಅಳುತ್ತಾ ಫೋನ್ ಮಾಡಿದ್ದ. ಎರಡನೇ ವರ್ಷದ ಹೊತ್ತಿಗೆ ಅವನೇ ಮುರುಕು ಇಂಗ್ಲಿಷಿನಲ್ಲಿ, ಮಾತು ಸಿಗದ ಕಡೆ ಪೆನ್ಸಿಲಿನಿಂದ ಬರೆದು ತೋರಿಸಿ, ಬೇರೆಯವರಿಗೆ ಹೇಳುತ್ತಿದ್ದ. ನಮ್ಮ ಕಾಲೇಜಿನಲ್ಲಿ ಟೆಸ್ಟ್ ಪೇಪರ್ ಕೊಟ್ಟ ಕೂಡಲೇ ನಾವೆಲ್ಲ ಮಡಚಿ ಬ್ಯಾಗಿಗೆ ಹಾಕುತ್ತೇವೆ. ನನ್ನ ಪೇಪರನ್ನು ಗೋಡೆಗೆ ಅಂಟಿಸಿದರೆ ಎಂದು ಯೋಚಿಸಿ ನೋಡಿದೆ. ಬೇಡವೇ ಬೇಡ.

ಕಾಮರ್ಸ್‌ನವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೈಯಲ್ಲಿ ಬರೆದ ಹತ್ತು ನಿಮಿಷದ ಚಿತ್ರಕ್ಕೆ ಸೆಕೆಂಡಿಗೆ 12ರಂತೆ 7,200 ಚಿತ್ರ ಬೇಕು. ಕಂಪ್ಯೂಟರಿನಲ್ಲಿ ಮಾಡಿದರೂ ಪುಕ್ಕಟೆ ಅಲ್ಲ. ಒಂದು ಫ್ರೇಮ್ ಸಿದ್ಧವಾಗಿ ಹೊರಬರಲು ಹತ್ತು ನಿಮಿಷ ಹಿಡಿಯಿತು ಎಂದುಕೊಳ್ಳಿ. ಒಂದು ನಿಮಿಷದ ಚಿತ್ರಕ್ಕೆ 1,440 ಫ್ರೇಮ್, ಅಂದರೆ 240 ಗಂಟೆ. ಒಂದೇ ಕಂಪ್ಯೂಟರ್ ಇದ್ದರೆ ಹಗಲು ರಾತ್ರಿ ಓಡಿಸಿ ಹತ್ತು ದಿನ. ಕೊನೆಯಲ್ಲಿ ನಿರ್ದೇಶಕರು ಟೋಪಿ ಬಣ್ಣ ಬದಲಿಸಿ ಎಂದರೆ ಮತ್ತೆ ಹತ್ತು ದಿನ. ಆದ್ದರಿಂದ ಕಥೆ, ಸ್ಟೋರಿಬೋರ್ಡ್, ಧ್ವನಿ ಎಲ್ಲವನ್ನೂ ಮೊದಲೇ ಗಟ್ಟಿ ಮಾಡಿಕೊಂಡು, ಯಾರು ಯಾವ ದಿನ ಯಾರಿಗೆ ಕೆಲಸ ದಾಟಿಸಬೇಕು ಎಂದು ಪಟ್ಟಿ ಹಾಕಿ ಶುರು ಮಾಡುತ್ತಾರೆ. ಮೂರನೇ ವರ್ಷ ಆರು ಜನ ಸೇರಿ ಎರಡು ನಿಮಿಷದ ಚಿತ್ರ ಮಾಡಿದಾಗ ಇವರ ಗುಂಪಿನಲ್ಲಿ ಜಗಳ ಆದದ್ದು ಕಲೆಯ ಬಗ್ಗೆ ಅಲ್ಲ, ಫೈಲಿಗೆ ಹೆಸರು ಸರಿಯಾಗಿ ಇಡದೆ ಹಳೆಯದರ ಮೇಲೆ ಹೊಸದನ್ನು ಸೇವ್ ಮಾಡಿದ್ದರ ಬಗ್ಗೆ. ವೋಚರ್ ನಂಬರ್ ಹಾಕದೆ ಎಂಟ್ರಿ ಮಾಡಿದರೆ ನಮ್ಮ ಅಕೌಂಟ್ಸ್ ಮೇಡಂ ಬೈಯುತ್ತಾರಲ್ಲ, ಹಾಗೆಯೇ. ಇಂಥ ಕಡೆ ಕಾಸ್ಟಿಂಗ್ ಗೊತ್ತಿರುವ ಒಬ್ಬರು ಬೇಕೇ ಬೇಕು. ಚಿತ್ರ ಬರೆಯಲು ಬಾರದ ನನ್ನಂಥವರಿಗೂ ಅಲ್ಲಿ ಕುರ್ಚಿ ಇದೆ ಎಂದು ಆಗ ಗೊತ್ತಾಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಬರೆಯದಿದ್ದರೆ ಮೋಸವಾಗುತ್ತದೆ.

ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಈ ಕ್ಷೇತ್ರಗಳಿಗೆ ಪ್ರತ್ಯೇಕ ನೀತಿಯನ್ನು 2012ರಲ್ಲಿ ದೇಶದಲ್ಲೇ ಮೊದಲು ತಂದದ್ದು ನಮ್ಮ ಕರ್ನಾಟಕ. 2024ರಲ್ಲಿ ಮುಂದಿನ ಐದು ವರ್ಷಕ್ಕೆ ಹೊಸ ನೀತಿಯೂ ಬಂತು. 2025ರಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಪೂರ್ತಿ ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂದು ಥಿಯೇಟರುಗಳು ತುಂಬಿದ್ದು ನಿಮಗೆ ಗೊತ್ತು. ಆದರೆ ಅದೇ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ವಿದೇಶಿ ಕಂಪನಿ ಕುಸಿದಾಗ ಬೆಂಗಳೂರಿನಲ್ಲಿದ್ದ ಅದರ ಸ್ಟುಡಿಯೋಗಳಿಗೂ ಬೀಗ ಬಿತ್ತು, ಸಾವಿರಾರು ಜನ ಒಮ್ಮೆಗೇ ಕೆಲಸ ಕಳೆದುಕೊಂಡರು. 2013ರಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಎಂಬ ಕಂಪನಿ ದಿವಾಳಿ ಅರ್ಜಿ ಹಾಕಿದ ಕೆಲವೇ ದಿನಗಳಲ್ಲಿ ಅದೇ ಕೆಲಸಕ್ಕೆ ಆಸ್ಕರ್ ಬಂತು. ಪ್ರಶಸ್ತಿ ಬಂದರೂ ಸಂಬಳ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಹೊರದೇಶದ ಆರ್ಡರ್ ನಂಬಿಕೊಂಡ ಯಾವ ವ್ಯಾಪಾರಕ್ಕೂ ಈ ಅಪಾಯ ಇದ್ದೇ ಇದೆ.

ಹರಿಹರದವರಿಗೆ ದೊಡ್ಡ ಕಾರ್ಖಾನೆ ಬಾಗಿಲು ಹಾಕುವುದು ಎಂದರೇನು ಎಂದು ಯಾರೂ ಕಲಿಸಬೇಕಿಲ್ಲ. ಭಾಯಿಜಾನ್ ಈ ಸುದ್ದಿ ಹೇಳಿದಾಗ ನಾನಾ ಕೇಳಿದ್ದು ಒಂದೇ ಪ್ರಶ್ನೆ: “ಕೈಕೆಲಸ ಕಲಿತಿದ್ದಾರಲ್ಲ?” ಅವರ ಜೊತೆಯವರಲ್ಲಿ ಕೆಲವರು ಆಮೇಲೆ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡರು, ಕೆಲವರು ಏನೂ ಮಾಡಲಾಗದೆ ಕೂತರು. ಎರಡನ್ನೂ ಅವರು ನೋಡಿದ್ದಾರೆ.

ಭಾಯಿಜಾನ್‌ಗೆ ಸಿಕ್ಕ ಮೊದಲ ಕೆಲಸ ರೋಟೋ. ಸಿನಿಮಾ ದೃಶ್ಯದಲ್ಲಿ ನಟನ ಅಂಚನ್ನು ಒಂದೊಂದೇ ಫ್ರೇಮಿನಲ್ಲಿ ಗೆರೆ ಹಾಕಿ ಬಿಡಿಸುವುದು, ಹಿಂದಿನ ಗೋಡೆ ತೆಗೆದು ಸಮುದ್ರ ಕೂರಿಸಲು. ದಿನಕ್ಕೆ ಒಂಬತ್ತು ಗಂಟೆ ಒಬ್ಬ ಹೀರೋಯಿನ್‌ನ ಕೂದಲು. ಕೈಗೆ ಬರುವುದು ಹದಿನೈದು ಸಾವಿರ, ಅದರಲ್ಲಿ ಪಿ.ಜಿ. ಬಾಡಿಗೆಗೆ ಏಳು ಸಾವಿರ. ಮೂರು ವರ್ಷ ಓದಿದ್ದೆಲ್ಲ ಇದಕ್ಕಾ ಎಂದು ಅವನಿಗೇ ಎಷ್ಟೋ ಸಲ ಅನ್ನಿಸಿದೆ. ಆಗಲಿ, ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿಗೆ ಹೋದ ನಮ್ಮ ಸೀನಿಯರ್‌ಗಳ ಮೊದಲ ಸಂಬಳ ಎಷ್ಟು ಎಂದೂ ಕೇಳಿ ನೋಡಿ, ಆಮೇಲೆ ನಗಬಹುದು.

“ಈಗ ಎಲ್ಲ ಎಐ ಮಾಡುತ್ತದಲ್ಲ?” ಇದು ಈ ಲೇಖನ ಬರೆಯುತ್ತೇನೆ ಎಂದಾಗ ನನ್ನ ಗೆಳತಿಯರು ಕೇಳಿದ ಮೊದಲ ಮಾತು. ಅಂಚು ಬಿಡಿಸುವಂಥ ಕೆಲಸ ಮೊದಲು ಯಂತ್ರಕ್ಕೆ ಹೋಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಭಾಯಿಜಾನ್‌ಗೂ ಆ ಹೆದರಿಕೆ ಇದೆ. ಟ್ಯಾಲಿ ಬಂದಾಗಲೂ ಬರೀ ಕೂಡುವ ಕೆಲಸ ಮಾಡುತ್ತಿದ್ದವರು ಹೋದರು, ಲೆಕ್ಕ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವರು ಉಳಿದರು. ಒಂದು ದಿನ ಮಂಡಕ್ಕಿ ಚೀಲ ಹೊತ್ತ ಹುಡುಗನ ವಿಡಿಯೋ ಮಾಡು ಎಂದು ಅಂಥದ್ದೊಂದು ಆ್ಯಪ್‌ಗೆ ಹೇಳಿದೆವು. ನೋಡಲು ಬಹಳ ಚೆಂದ ಬಂತು. ಹುಡುಗ ಮಂಡಿ ಮಡಿಸಿ, ಬೆನ್ನು ಬಗ್ಗಿಸಿ, ಕಷ್ಟಪಟ್ಟು ನಡೆಯುತ್ತಿದ್ದ. ಅಬ್ಬಾಗೆ ತೋರಿಸಿದೆ. ಅವರು ಏನೆಂದರು ಎಂದು ಬೇರೆ ಬರೆಯಬೇಕಾಗಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ಕಡೆ. ಭಾಯಿಜಾನ್‌ನ ಗೆಳೆಯನೊಬ್ಬ ಡಿಗ್ರಿಗೆ ಹೋಗದೆ ಒಂದು ಖಾಸಗಿ ಕೇಂದ್ರಕ್ಕೆ ಸೇರಿದ. ಬೋರ್ಡಿನ ಮೇಲೆ ‘ನೂರಕ್ಕೆ ನೂರು ಉದ್ಯೋಗ’. ಅವನ ತಾಯಿ ಬೀಡಿ ಕಟ್ಟಿ, ಸಂಘದಲ್ಲಿ ಸಾಲ ಎತ್ತಿ ಒಂದೂವರೆ ಲಕ್ಷ ಕಟ್ಟಿದರು. ಮೂರು ಸಲ ಮೇಷ್ಟ್ರು ಬದಲಾದರು. ಹೇಳಿಕೊಟ್ಟದ್ದು ಸಾಫ್ಟ್‌ವೇರಿನಲ್ಲಿ ಯಾವ ಬಟನ್ ಎಲ್ಲಿದೆ ಎಂಬುದನ್ನು ಮಾತ್ರ. ಒಂದು ದಿನವೂ ಚೆಂಡು ಬರೆಸಲಿಲ್ಲ, ಬಸ್ ಸ್ಟ್ಯಾಂಡಿಗೆ ಕಳಿಸಲಿಲ್ಲ. ಕೊನೆಗೆ ಚೆಂದದ ಸರ್ಟಿಫಿಕೇಟ್ ಕೊಟ್ಟರು. ಅವನು ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ, ಸಾಲ ಇನ್ನೂ ಇದೆ. ಫೀಸ್ ಕಟ್ಟುವ ಮುಂಚೆ ಅವನ ಮನೆಯಲ್ಲಿ ಯಾರೂ ಕೇಳಿರಲಿಲ್ಲ: ಇದು ವಿಶ್ವವಿದ್ಯಾನಿಲಯದ ಪದವಿಯಾ, ಬರೀ ಸರ್ಟಿಫಿಕೇಟಾ? ಹೋದ ವರ್ಷ ಓದಿದವರ ಕೆಲಸ ತೋರಿಸುತ್ತೀರಾ? ಅವರಲ್ಲಿ ಇಬ್ಬರ ಜೊತೆ ಮಾತಾಡಬಹುದಾ? ಮಧ್ಯೆ ಬಿಟ್ಟರೆ ಹಣ ವಾಪಸ್ ಇದೆಯಾ? ಕೇಳಬೇಕು ಎಂದು ಹೇಳಿಕೊಡುವವರೇ ಇರಲಿಲ್ಲ. ನಮ್ಮ ಮಾರ್ಗದರ್ಶನ ಕಾರ್ಯಕ್ರಮ ಇಂಥದ್ದಕ್ಕೆ ಇರಬೇಕಿತ್ತು. ನಕ್ಕು ಕೂರಿಸಿದ ಹುಡುಗಿ ನಾಳೆ ಮನೆಯವರಿಗೆ ಹೇಳದೆ ಅಂಥದ್ದೇ ಬೋರ್ಡ್ ನೋಡಿಕೊಂಡು ಹೋದರೆ ಅದರಲ್ಲಿ ನಮ್ಮ ಪಾಲೂ ಇರುತ್ತದೆ.

ಪ್ರಾಂಶುಪಾಲರಲ್ಲಿ ಮತ್ತು ಅಧ್ಯಾಪಕರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಹೊಸ ಕೋರ್ಸ್ ಬೇಡ, ಹಣವೂ ಬೇಡ. ನಮ್ಮ ಕಂಪ್ಯೂಟರ್ ಲ್ಯಾಬ್ ಶನಿವಾರ ಮಧ್ಯಾಹ್ನ ಬೀಗ ಹಾಕಿಕೊಂಡು ಕೂತಿರುತ್ತದೆ. ಅದನ್ನು ಒಂದು ಗಂಟೆ ತೆಗೆಯಬಹುದೇ? ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಕಳ್ಳ ಕಾಪಿ ಅಲ್ಲ, ಯಾರು ಬೇಕಾದರೂ ಬಳಸಲಿ ಎಂದೇ ಬಿಟ್ಟಿರುವುದು. ಲಾಟ್ವಿಯಾ ಎಂಬ ಪುಟ್ಟ ದೇಶದವರು ಅದರಲ್ಲೇ ‘ಫ್ಲೋ’ ಎಂಬ ಒಂದು ಬೆಕ್ಕಿನ ಚಿತ್ರ ಮಾಡಿ 2025ರಲ್ಲಿ ಆಸ್ಕರ್ ತೆಗೆದುಕೊಂಡರು. ಆ ಚಿತ್ರದಲ್ಲಿ ಒಂದು ಮಾತೂ ಇಲ್ಲ, ಹಾಗಾಗಿ ನಮ್ಮ ನಾನಿಗೂ ಅರ್ಥವಾಗುತ್ತದೆ. ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಅದು ಓಡದಿದ್ದರೆ ಬೇಡ, ಕಾಗದ ಸಾಕು. ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನ ಮೂಲೆಯಲ್ಲಿ ಚೆಂಡು ಬರೆದು ಪುಟ ಸರ್ರನೆ ಬಿಟ್ಟರೆ ಅದೂ ಅನಿಮೇಷನ್ನೇ. ದೃಶ್ಯಕಲಾ ಮಹಾವಿದ್ಯಾಲಯದಿಂದ ಒಬ್ಬ ಅಧ್ಯಾಪಕರನ್ನೋ ವಿದ್ಯಾರ್ಥಿಯನ್ನೋ ಒಂದು ದಿನ ಕರೆಸಿದರೆ ಇನ್ನೂ ಒಳ್ಳೆಯದು. ಮುಂದಿನ ವರ್ಷದ ಮಾರ್ಗದರ್ಶನದಲ್ಲಿ ಸಿ.ಎ. ಪಕ್ಕದಲ್ಲಿ ಅವರಿಗೂ ಒಂದು ಕುರ್ಚಿ ಹಾಕಿ.

ಕಳೆದ ಸೋಮವಾರ ನಾನು ಆ ಹುಡುಗಿಯ ಹತ್ತಿರ ಹೋಗಿ ಅವತ್ತು ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. ಅವಳು ಪರವಾಗಿಲ್ಲ ಎನ್ನಲೂ ಇಲ್ಲ, ಸಿಟ್ಟು ಮಾಡಲೂ ಇಲ್ಲ. ಬ್ಯಾಗಿನಿಂದ ಬಿಸಿನೆಸ್ ಸ್ಟಡೀಸ್ ನೋಟ್‌ಬುಕ್ ತೆಗೆದು ಕೊನೆಯ ಪುಟದಿಂದ ಹಿಂದಕ್ಕೆ ಬಿಟ್ಟು ತೋರಿಸಿದಳು. ಮೂಲೆಯಲ್ಲಿ ಒಂದು ಆಟೋ ಗುಂಡಿಗೆ ಇಳಿದು, ಹತ್ತಿ, ಅಲ್ಲಾಡಿಕೊಂಡು ಮುಂದೆ ಹೋಯಿತು. ನಮ್ಮ ಕಾಲೇಜಿನ ಮುಂದಿನ ರಸ್ತೆಯೇ ಅದು, ಗುಂಡಿ ಸಮೇತ. ಭಾಯಿಜಾನ್ ಬಕ್ರೀದ್‌ಗೆ ಊರಿಗೆ ಬರುತ್ತಾನೆ ಎಂದು ಹೇಳಿದೆ. “ಹರಿಹರಕ್ಕೆ ಯಾವ ದಿನ ಹೋಗ್ತೀಯ ಹೇಳು, ಅಮ್ಮಿನ ಕೇಳಿ ನಾನೂ ಬರ್ತೀನಿ” ಎಂದಳು.